ಹಮ್ಮಿಂಗ್‌ಬರ್ಡ್‌ಗಳಿಗಾಗಿ ಮನೆಯಲ್ಲಿ ತಯಾರಿಸುವ ಮಕರಂದ

ಅಮೆರಿಕ ಖಂಡಗಳ ಮನೆಯಂಗಳಗಳಿಗೆ ಬರುವ ಹಮ್ಮಿಂಗ್‌ಬರ್ಡ್ ಹಕ್ಕಿಗಳಿಗೆ ಉಣಿಸಲು ಬಿಳಿ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಮಾಡುವ ತಿಳಿಯಾದ ದ್ರಾವಣ. ಫೀಡರ್ ಎಂದು ಕರೆಯುವ ಸಣ್ಣ ಪಾತ್ರೆಯಲ್ಲಿ ಇದನ್ನು ತುಂಬಿ ಮರದ ಕೊಂಬೆಗೋ ಸೂರಿನ ಅಂಚಿಗೋ ತೂಗುಹಾಕುತ್ತಾರೆ. ಅಳತೆಯಲ್ಲಿ ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು ಎಂಬುದು ಸರ್ವಮಾನ್ಯ ಸೂತ್ರ. ಬಣ್ಣ, ಪರಿಮಳ, ಜೇನು, ಬೆಲ್ಲ ಯಾವುದೂ ಇದಕ್ಕೆ ಬೇಡ. ತಯಾರಿಕೆ ಐದು ನಿಮಿಷದ ಕೆಲಸ. ಅದನ್ನು ಕೆಡದಂತೆ ನೋಡಿಕೊಳ್ಳುವುದು ಮಾತ್ರ ದಿನನಿತ್ಯದ ಕೆಲಸ. ಹಕ್ಕಿಯ ಆರೋಗ್ಯ ನಿಂತಿರುವುದು ಬಹುಮಟ್ಟಿಗೆ ಈ ಎರಡನೆಯದರ ಮೇಲೆ.

ಹಕ್ಕಿ ಮತ್ತು ಅದರ ಹಸಿವು

ಹಮ್ಮಿಂಗ್‌ಬರ್ಡ್‌ಗಳು ಟ್ರೋಕಿಲಿಡೇ ಕುಟುಂಬಕ್ಕೆ ಸೇರಿವೆ. 360ಕ್ಕೂ ಹೆಚ್ಚು ಪ್ರಭೇದಗಳಿದ್ದು, ಎಲ್ಲವೂ ಅಮೆರಿಕ ಖಂಡಗಳಲ್ಲೇ ಇವೆ. ಉತ್ತರದಲ್ಲಿ ಅಲಾಸ್ಕಾದಿಂದ ದಕ್ಷಿಣದ ತುದಿಯ ಟಿಯೆರಾ ಡೆಲ್ ಫ್ಯೂಗೊವರೆಗೆ ಇವುಗಳ ನೆಲೆ ಹಬ್ಬಿದೆ. ಅತಿ ಹೆಚ್ಚು ಪ್ರಭೇದಗಳಿರುವುದು ಆಂಡೀಸ್ ಪರ್ವತಗಳ ಆಸುಪಾಸಿನಲ್ಲಿ. ಕ್ಯೂಬಾದ ಬೀ ಹಮ್ಮಿಂಗ್‌ಬರ್ಡ್ ಸುಮಾರು 2 ಗ್ರಾಂ ತೂಗುತ್ತದೆ. ಜಗತ್ತಿನ ಅತಿ ಚಿಕ್ಕ ಹಕ್ಕಿ ಅದು. ಆಂಡೀಸಿನ ದೈತ್ಯ ಹಮ್ಮಿಂಗ್‌ಬರ್ಡ್ 20 ಗ್ರಾಂ ಆಸುಪಾಸಿನದು. ರೆಕ್ಕೆ ಬಡಿತದ ಗುಂಯ್‌ಗುಡುವ ಸದ್ದಿನಿಂದ ಇಂಗ್ಲಿಷಿನ ಹೆಸರು ಬಂದಿದೆ. ಬ್ರೆಜಿಲ್‌ನ ಪೋರ್ಚುಗೀಸ್ ನುಡಿಯಲ್ಲಿ ಇದು ಬೇಜಾ-ಫ್ಲೋರ್, ಅಂದರೆ ಹೂವಿಗೆ ಮುತ್ತಿಡುವ ಹಕ್ಕಿ.

ಉತ್ತರ ಅಮೆರಿಕದ ಪೂರ್ವಾರ್ಧದಲ್ಲಿ ಮರಿ ಮಾಡುವ ಏಕೈಕ ಪ್ರಭೇದ ಮಾಣಿಕ್ಯಗೊರಳಿನ ಹಮ್ಮಿಂಗ್‌ಬರ್ಡ್. ಮೂರು ಗ್ರಾಂ ಚಿಲ್ಲರೆ ತೂಕದ ಈ ಹಕ್ಕಿ ಸೆಕೆಂಡಿಗೆ ಸುಮಾರು 50 ಸಲ ರೆಕ್ಕೆ ಬಡಿಯುತ್ತದೆ. ಹಾರುವಾಗ ಹಮ್ಮಿಂಗ್‌ಬರ್ಡ್‌ನ ಹೃದಯ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಮಿಡಿಯಬಲ್ಲದು. ಹೂವಿನೆದುರು ಗಾಳಿಯಲ್ಲಿ ನಿಂತಲ್ಲೇ ನಿಂತು ಹೀರುವ ಈ ಬದುಕಿಗೆ ಇಂಧನ ಸಕ್ಕರೆ. ತನ್ನ ತೂಕದಷ್ಟು, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ ಮಕರಂದವನ್ನು ಅದು ಒಂದೇ ದಿನದಲ್ಲಿ ಕುಡಿಯುತ್ತದೆ. ಕುಡಿದ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ, ಹಾರಾಟಕ್ಕೆ ಬೇಕಾದ ಶಕ್ತಿಯೆಲ್ಲ ಬಹುತೇಕ ಆಗಷ್ಟೇ ಕುಡಿದ ಸಕ್ಕರೆಯಿಂದಲೇ ಒದಗತೊಡಗುತ್ತದೆ. ರಾತ್ರಿ ಉಣ್ಣಲಾಗದ ಹೊತ್ತಿನಲ್ಲಿ ಹಲವು ಪ್ರಭೇದಗಳು ಮೈಯ ಬಿಸಿಯನ್ನು ಇಳಿಸಿಕೊಂಡು ಜಡನಿದ್ರೆಗೆ ಜಾರುತ್ತವೆ. ಪೆರುವಿನ ಆಂಡೀಸಿನಲ್ಲಿ ಒಂದು ಪ್ರಭೇದದ ಮೈತಾಪ ಸುಮಾರು 3 ಡಿಗ್ರಿ ಸೆಲ್ಸಿಯಸ್‌ಗೆ ಇಳಿದದ್ದನ್ನು ವಿಜ್ಞಾನಿಗಳು ಅಳೆದು 2020ರಲ್ಲಿ ಪ್ರಕಟಿಸಿದರು. ಬೆಳಗ್ಗೆ ಎಚ್ಚೆತ್ತೊಡನೆ ಅದು ಹುಡುಕುವುದು ಮೊದಲ ಗುಟುಕು ಮಕರಂದವನ್ನು.

ಸಕ್ಕರೆ ನೀರಷ್ಟೇ ಇದರ ಪೂರ್ಣ ಆಹಾರವಲ್ಲ. ಪ್ರೋಟೀನ್, ಕೊಬ್ಬು, ಲವಣಗಳಿಗಾಗಿ ಅದು ಸಣ್ಣ ನೊಣ, ಗುಂಗಾಡು, ಜೇಡಗಳನ್ನು ಹಿಡಿದು ತಿನ್ನುತ್ತದೆ. ಮರಿಗಳ ಬೆಳವಣಿಗೆಗೆ ಕೀಟಗಳು ಬೇಕೇ ಬೇಕು. ಹೀಗಾಗಿ ಮನೆಯ ಮಕರಂದ ಹಕ್ಕಿಗೆ ಇಂಧನ ಒದಗಿಸಬಲ್ಲದು, ಪೋಷಣೆಯನ್ನಲ್ಲ.

ಹೂವಿನ ಮಕರಂದದ ಸ್ವರೂಪ

ಹಮ್ಮಿಂಗ್‌ಬರ್ಡ್‌ಗಳಿಂದ ಪರಾಗಸ್ಪರ್ಶ ಪಡೆಯುವ ಹೂಗಳ ಮಕರಂದದಲ್ಲಿ ಸಕ್ಕರೆಯ ಪ್ರಮಾಣ ಸಾಮಾನ್ಯವಾಗಿ ತೂಕದ ಶೇ. 20ರಿಂದ 25ರ ಆಸುಪಾಸಿನಲ್ಲಿರುತ್ತದೆ. ಹೂವಿನಿಂದ ಹೂವಿಗೆ, ಹೊತ್ತಿನಿಂದ ಹೊತ್ತಿಗೆ ಇದು ಏರಿಳಿಯುತ್ತದೆ. ಆ ಸಕ್ಕರೆಯ ಬಹುಪಾಲು ಸುಕ್ರೋಸ್. ಕಬ್ಬಿನಿಂದಲೋ ಸಕ್ಕರೆ ಬೀಟ್‌ರೂಟಿನಿಂದಲೋ ತೆಗೆದು ಶುದ್ಧೀಕರಿಸಿದ ಬಿಳಿ ಸಕ್ಕರೆಯೂ ಸುಕ್ರೋಸೇ. ಅಡುಗೆಮನೆಯ ಡಬ್ಬಿಯಲ್ಲಿರುವ ಸಾಧಾರಣ ಸಕ್ಕರೆ ಹೂವಿನ ಸಿಹಿಗೆ ಇಷ್ಟು ಸಮೀಪ ಬರುವುದಕ್ಕೆ ಕಾರಣ ಇದೇ.

ಹಕ್ಕಿಗಳ ಪೂರ್ವಜರು ಸಿಹಿ ಗುರುತಿಸುವ ಗ್ರಾಹಕದ ಒಂದು ಮುಖ್ಯ ಜೀನನ್ನು ಕಳೆದುಕೊಂಡಿದ್ದರು. ಆದರೆ ಹಮ್ಮಿಂಗ್‌ಬರ್ಡ್‌ಗಳಲ್ಲಿ ಮಾಂಸದ ರುಚಿಯನ್ನು ಗುರುತಿಸುವ ಗ್ರಾಹಕವೇ ಮಾರ್ಪಟ್ಟು ಸಕ್ಕರೆಯನ್ನು ಗುರುತಿಸತೊಡಗಿತೆಂದು ವಿಜ್ಞಾನಿ ಮಾಡ್ ಬಾಲ್ಡ್‌ವಿನ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಆ ಪ್ರಯೋಗಗಳಲ್ಲಿ ಹಕ್ಕಿಗಳು ಆಸ್ಪರ್ಟೇಮ್ ಎಂಬ ಕೃತಕ ಸಿಹಿಕಾರಕ ಬೆರೆಸಿದ ನೀರನ್ನು ಸಕ್ಕರೆ ನೀರಿನಂತೆ ಸ್ವೀಕರಿಸಲಿಲ್ಲ.

ನಾಲಿಗೆಯ ಕೆಲಸದ ಬಗೆಯೂ ಇತ್ತೀಚೆಗಷ್ಟೇ ತಿಳಿದದ್ದು. ತೆಳು ಕೊಳವೆಯಲ್ಲಿ ನೀರು ತಾನಾಗಿ ಏರುವಂತೆ ನಾಲಿಗೆಯಲ್ಲಿ ಮಕರಂದ ಏರುತ್ತದೆಂದು ನೂರಕ್ಕೂ ಹೆಚ್ಚು ವರ್ಷ ನಂಬಲಾಗಿತ್ತು. ವಿಜ್ಞಾನಿಗಳಾದ ಅಲೆಹಾಂದ್ರೊ ರಿಕೊ-ಗೆವಾರಾ ಮತ್ತು ಮಾರ್ಗರೆಟ್ ರುಬೆಗಾ 2011ರಲ್ಲಿ ಅತಿವೇಗದ ಕ್ಯಾಮೆರಾಗಳಿಂದ ಬೇರೆಯೇ ಚಿತ್ರ ಕಂಡರು. ಸೀಳಿದ ನಾಲಿಗೆಯ ಅಂಚುಗಳು ದ್ರವದೊಳಗೆ ಬಿಚ್ಚಿಕೊಂಡು, ಹೊರಬರುವಾಗ ಮಡಚಿ ಮಕರಂದವನ್ನು ಸೆರೆಹಿಡಿಯುತ್ತವೆ. ನಾಲಿಗೆಯ ಗೀರುಗಳು ಪುಟ್ಟ ಪಂಪಿನಂತೆಯೂ ದುಡಿಯುತ್ತವೆಂದು 2015ರ ಅಧ್ಯಯನ ತೋರಿಸಿತು. ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಚಾಚುವ ಈ ನಾಲಿಗೆಗೆ ದ್ರವ ಗಟ್ಟಿಯಾದಷ್ಟೂ ಹೀರುವ ಕೆಲಸ ನಿಧಾನವಾಗುತ್ತದೆ. ಸಿಹಿ ಹೆಚ್ಚಿಸಿದರೆ ಉಪಚಾರ ಹೆಚ್ಚಿತು ಎಂಬ ಎಣಿಕೆ ಇಲ್ಲಿ ಸಲ್ಲದು.

ತಯಾರಿಸುವ ಕ್ರಮ

ಒಂದೇ ಲೋಟದಲ್ಲಿ ಅಳೆದು ಒಂದು ಲೋಟ ಸಕ್ಕರೆ, ನಾಲ್ಕು ಲೋಟ ನೀರು ತೆಗೆದುಕೊಳ್ಳಬೇಕು. ಸಣ್ಣ ಪ್ರಮಾಣಕ್ಕೆ 50 ಗ್ರಾಂ ಸಕ್ಕರೆ, 240 ಮಿಲಿಲೀಟರ್ ನೀರು ಸಾಕು. ಹೀಗೆ ಮಾಡಿದ ದ್ರಾವಣದಲ್ಲಿ ಸಕ್ಕರೆ ತೂಕದ ಸುಮಾರು ಶೇ. 17ರಷ್ಟಿರುತ್ತದೆ. ಲೋಟದ ಬದಲು ತಕ್ಕಡಿಯಲ್ಲಿ ತೂಗಿ 1:4 ಮಾಡಿದರೆ ಶೇ. 20. ಇವೆರಡೂ ಹೂವಿನ ಮಕರಂದದ ಏರಿಳಿತದೊಳಗೇ ಬರುವುದರಿಂದ ಹಕ್ಕಿಗೆ ತೊಂದರೆಯಿಲ್ಲ. ಚಳಿ ದಿನಗಳಲ್ಲಿ ಕೆಲವರು ಮೂರು ಪಾಲು ನೀರಿಗೆ ಒಂದು ಪಾಲು ಸಕ್ಕರೆ ಬಳಸುತ್ತಾರೆ. ಅದಕ್ಕಿಂತ ಗಟ್ಟಿ ಮಾಡುವ ಅಗತ್ಯವಿಲ್ಲ.

ನೀರನ್ನು ಬಿಸಿ ಮಾಡಿ ಸಕ್ಕರೆ ಹಾಕಿ ಹರಳು ಕಾಣದಂತೆ ಕಲಕಬೇಕು. ಕುದಿಸುವುದು ಕಡ್ಡಾಯವಲ್ಲ. ಕುದಿಸಿದರೆ ಸಕ್ಕರೆ ಬೇಗ ಕರಗುತ್ತದೆ, ನೀರಿನಲ್ಲಿ ಮೊದಲೇ ಇದ್ದ ಸೂಕ್ಷ್ಮಜೀವಿಗಳು ಸಾಯುತ್ತವೆ, ಹಾಗಾಗಿ ಉಳಿದದ್ದನ್ನು ಇಟ್ಟುಕೊಳ್ಳಲು ಅನುಕೂಲ. ಆದರೆ ಒಲೆಯ ಮೇಲೆ ಬಹಳ ಹೊತ್ತು ಬಿಟ್ಟರೆ ನೀರು ಆವಿಯಾಗಿ ಅಳತೆ ತಪ್ಪುತ್ತದೆ. ಕನ್ನಡದ ಅಡುಗೆಯ ಮಾತಿನಲ್ಲಿ ಹೇಳುವುದಾದರೆ ಇದು ಪಾಕವಲ್ಲ, ಪಾನಕದ ಹದದ್ದು. ಬೆರಳಿಗೆ ಎಳೆ ಬರುವಂತಾದರೆ ಹದ ಮೀರಿತು ಎಂದೇ ಅರ್ಥ. ಪೂರ್ತಿ ತಣಿದ ಮೇಲೆ ಫೀಡರ್‌ಗೆ ತುಂಬಿ, ಮಿಕ್ಕದ್ದನ್ನು ಶುಚಿಯಾದ ಮುಚ್ಚಿದ ಬಾಟಲಿಯಲ್ಲಿ ಫ್ರಿಜ್‌ನಲ್ಲಿಡಬಹುದು. ಅಲ್ಲಿ ಅದು ಸುಮಾರು ಒಂದು ವಾರ ಚೆನ್ನಾಗಿರುತ್ತದೆ. ಮಂಕಾದರೆ ಅಥವಾ ವಾಸನೆ ಬಂದರೆ ಚೆಲ್ಲಬೇಕು. ಕುಡಿಯಲು ಯೋಗ್ಯವಾದ ನಲ್ಲಿ ನೀರೇ ಸಾಕು.

ಬಳಸಬಾರದ ಪದಾರ್ಥಗಳು

ಜೇನುತುಪ್ಪ: ಹೂವಿನಿಂದಲೇ ಬಂದದ್ದಾದ್ದರಿಂದ ಜೇನು ಇನ್ನೂ ಒಳ್ಳೆಯದೆಂದು ಹಲವರು ಭಾವಿಸುತ್ತಾರೆ. ಗಟ್ಟಿ ಜೇನು ಕೆಡುವುದಿಲ್ಲ, ನಿಜ. ನೀರು ಬೆರೆತೊಡನೆ ಅದು ಬೇಗ ಹುಳಿಯುತ್ತದೆ. ಹಕ್ಕಿಗೆ ಅಪಾಯ ತರಬಲ್ಲ ಬೂಷ್ಟು, ಬ್ಯಾಕ್ಟೀರಿಯಾಗಳಿಗೆ ನೆಲೆಯಾಗುತ್ತದೆ.

ಬೆಲ್ಲ ಮತ್ತು ಕಂದು ಸಕ್ಕರೆ: ಬೆಲ್ಲ, ಕಾಕಂಬಿ, ಕಂದು ಸಕ್ಕರೆ, ಪೂರ್ತಿ ಶುದ್ಧೀಕರಿಸದ ಸಾವಯವ ಸಕ್ಕರೆ ಇವುಗಳಲ್ಲಿ ಕಬ್ಬಿಣದಂಥ ಖನಿಜಗಳು ಉಳಿದಿರುತ್ತವೆ. ಮನುಷ್ಯರಿಗೆ ಬೆಲ್ಲವನ್ನು ಮೆಚ್ಚುವುದಕ್ಕೆ ಕಾರಣವಾದ ಗುಣವೇ ಇಲ್ಲಿ ದೋಷ. ಮಕರಂದ ಕುಡಿದು ಬದುಕುವ ಹಕ್ಕಿಗಳ ಆಹಾರದಲ್ಲಿ ಕಬ್ಬಿಣ ತೀರ ಕಡಿಮೆ. ಹೆಚ್ಚಾದದ್ದು ಯಕೃತ್ತಿನಲ್ಲಿ ಶೇಖರವಾಗಿ ರೋಗ ತರಬಲ್ಲದು. ಅಮೆರಿಕದಲ್ಲಿ ನೆಲೆಸಿ ಅಂಗಳದಲ್ಲಿ ಫೀಡರ್ ತೂಗುಹಾಕುವ ಕನ್ನಡದ ಮನೆಗಳು ನೆನಪಿಡಬೇಕಾದ ಮಾತು ಇದು: ಪ್ರೀತಿಯಿಂದ ಹಾಕಿದ ಬೆಲ್ಲದ ಚೂರಿಗಿಂತ ಸಾದಾ ಬಿಳಿ ಸಕ್ಕರೆಯೇ ಹಕ್ಕಿಗೆ ಹಿತ.

ಪುಡಿ ಸಕ್ಕರೆ: ಕೇಕಿನ ಮೇಲೆ ಬಳಸುವ ಐಸಿಂಗ್ ಸಕ್ಕರೆಗೆ ಮೆಕ್ಕೆಜೋಳದ ಪಿಷ್ಟ ಬೆರೆಸಿರುತ್ತಾರೆ. ಅದು ಬೇಡ.

ಕೃತಕ ಸಿಹಿಕಾರಕ: ಸ್ಯಾಕರಿನ್, ಆಸ್ಪರ್ಟೇಮ್ ಮೊದಲಾದವುಗಳಿಂದ ಹಕ್ಕಿಗೆ ಶಕ್ತಿ ಸಿಗದು. ಗಂಟೆಗಂಟೆಗೂ ಇಂಧನ ಬೇಡುವ ದೇಹಕ್ಕೆ ಅದು ಉಪವಾಸಕ್ಕೆ ಸಮ.

ಕೆಂಪು ಬಣ್ಣ: ಹಮ್ಮಿಂಗ್‌ಬರ್ಡ್‌ಗಳು ಕೆಂಪಿನತ್ತ ಬೇಗ ಸುಳಿಯುತ್ತವೆ ಎಂಬುದು ಸತ್ಯ. ಅದಕ್ಕೆ ಫೀಡರ್‌ನ ಕೆಂಪು ಮುಚ್ಚಳವೋ ಕೆಂಪು ಪ್ಲಾಸ್ಟಿಕ್ ಹೂವೋ ಸಾಕು. ಹೂವಿನ ಮಕರಂದ ಸಾಮಾನ್ಯವಾಗಿ ನೀರಿನಂತೆ ತಿಳಿಯಾಗಿಯೇ ಇರುತ್ತದೆ. ತನ್ನ ತೂಕದಷ್ಟು ದ್ರವ ಕುಡಿಯುವ ಹಕ್ಕಿಯ ಹೊಟ್ಟೆಗೆ ಬಣ್ಣವೂ ಅದೇ ಲೆಕ್ಕದಲ್ಲಿ ಸೇರುತ್ತದೆ. ಅದರಿಂದ ಯಾವ ಲಾಭವೂ ಇಲ್ಲ. ಅಮೆರಿಕದ ರಾಷ್ಟ್ರೀಯ ಆಡುಬಾನ್ ಸೊಸೈಟಿ, ಸ್ಮಿತ್‌ಸೋನಿಯನ್ ಸಂಸ್ಥೆಯ ರಾಷ್ಟ್ರೀಯ ಮೃಗಾಲಯ ಎರಡೂ ಬಣ್ಣವಿಲ್ಲದ 1:4 ದ್ರಾವಣವನ್ನೇ ಸೂಚಿಸುತ್ತವೆ.

ಕೆಡುವಿಕೆ ಮತ್ತು ಶುಚಿತ್ವ

ಸಕ್ಕರೆ ನೀರು ಹಕ್ಕಿಗೆ ಹಿತವಾದಂತೆ ಸೂಕ್ಷ್ಮಜೀವಿಗಳಿಗೂ ಹಿತ. ಗಾಳಿಯಿಂದ, ಕೀಟಗಳಿಂದ, ಹಕ್ಕಿಯ ಕೊಕ್ಕಿನಿಂದಲೇ ಯೀಸ್ಟ್, ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಫೀಡರ್ ಸೇರುತ್ತವೆ. ಅಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಹೂವಿನ ಮಕರಂದದಲ್ಲಿರುವವುಗಳಿಗಿಂತ ಬೇರೆ ಬಗೆಯವು, ಆದರೆ ಬಹುಪಾಲು ರೋಗಕಾರಕಗಳಲ್ಲ ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2019ರಲ್ಲಿ ಪ್ರಕಟಿಸಿದರು. ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಅದೇ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ರಾಬರ್ಟ್ ಡಡ್ಲಿ ಮತ್ತು ಸಂಗಡಿಗರ 2023ರ ಪ್ರಯೋಗದಲ್ಲಿ ಪಶ್ಚಿಮ ಕರಾವಳಿಯ ಆನಾ ಹಮ್ಮಿಂಗ್‌ಬರ್ಡ್‌ಗಳು ಶೇ. 1 ಮದ್ಯಸಾರವಿದ್ದ ಸಕ್ಕರೆ ನೀರನ್ನು ಎಂದಿನಂತೆ ಕುಡಿದವು, ಶೇ. 2 ಆದಾಗ ಕುಡಿಯುವುದನ್ನು ಅರ್ಧಕ್ಕಿಳಿಸಿದವು. ಹಕ್ಕಿಗೆ ಕೆಟ್ಟದ್ದನ್ನು ಅರಿಯುವ ಶಕ್ತಿ ಇಷ್ಟಿದೆ. ಹಾಗೆಂದು ಕೆಟ್ಟದ್ದನ್ನು ಅದರ ಮುಂದಿಡುವುದು ಸರಿಯಲ್ಲ.

ಬೇಸಿಗೆಯ ಕಡುಬಿಸಿಲಿನಲ್ಲಿ ದಿನಕ್ಕೊಮ್ಮೆ ಅಥವಾ ಎರಡು ದಿನಕ್ಕೊಮ್ಮೆ ದ್ರಾವಣ ಬದಲಿಸಬೇಕು. ಹವೆ ತಂಪಾಗಿದ್ದರೆ ಮೂರು ನಾಲ್ಕು ದಿನ ನಡೆಯುತ್ತದೆ. ಖಾಲಿಯಾಗದಿದ್ದರೂ ಬದಲಿಸಲೇಬೇಕು, ಹಳೆಯದರ ಮೇಲೆ ಹೊಸದನ್ನು ಸುರಿಯುವುದು ತಪ್ಪು. ಪ್ರತಿ ಸಲವೂ ಫೀಡರನ್ನು ಬಿಚ್ಚಿ ಬಿಸಿನೀರಿನಲ್ಲಿ, ತೂತುಗಳೊಳಗೆ ಹೋಗುವ ಸಣ್ಣ ಬ್ರಷ್‌ನಿಂದ ಉಜ್ಜಿ ತೊಳೆಯಬೇಕು. ನೀರು ಬೆರೆಸಿದ ವಿನೆಗರ್ ಒಳ್ಳೆಯ ಶುಚಿಕಾರಕ. ಕಪ್ಪು ಬೂಷ್ಟು ಹಿಡಿದಿದ್ದರೆ ತೆಳುವಾದ ಬ್ಲೀಚ್ ದ್ರಾವಣದಲ್ಲಿ ನೆನೆಸಿ, ವಾಸನೆ ಉಳಿಯದಂತೆ ಹಲವು ಸಲ ನೀರಿನಲ್ಲಿ ಜಾಲಿಸಿ ಒಣಗಿಸಬೇಕು. ದೊಡ್ಡ ಫೀಡರನ್ನು ವಾರಕ್ಕೊಮ್ಮೆ ತುಂಬುವುದಕ್ಕಿಂತ ಸಣ್ಣದನ್ನು ಪದೇ ಪದೇ ತುಂಬುವುದು ಲೇಸು.

ಫೀಡರ್ ಮತ್ತು ಅದರ ಜಾಗ

ಫೀಡರ್‌ಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ತಲೆಕೆಳಗಾಗಿ ನಿಲ್ಲುವ ಬಾಟಲಿಯ ಬಗೆಯಲ್ಲಿ ದ್ರವ ಹೆಚ್ಚು ಹಿಡಿಯುತ್ತದೆ, ಆದರೆ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ತೊಟ್ಟಿಕ್ಕುತ್ತದೆ. ತಟ್ಟೆಯ ಬಗೆಯಲ್ಲಿ ದ್ರವ ತೂತಿನಿಂದ ಕೆಳಗಿರುವುದರಿಂದ ಜೇನ್ನೊಣ, ಕಣಜಗಳ ಬಾಯಿಗೆ ಎಟುಕದು, ಹಕ್ಕಿಯ ಉದ್ದ ನಾಲಿಗೆಗೆ ಎಟುಕುತ್ತದೆ, ತೊಳೆಯಲೂ ಸುಲಭ. ಇರುವೆಗಳನ್ನು ತಡೆಯಲು ತೂಗುವ ತಂತಿಯ ನಡುವೆ ನೀರು ತುಂಬಿದ ಪುಟ್ಟ ಬಟ್ಟಲನ್ನು ಕಟ್ಟುತ್ತಾರೆ. ತಂತಿಗೆ ಎಣ್ಣೆ, ಗ್ರೀಸ್ ಬಳಿಯುವುದು ಅಪಾಯ. ಅದು ಗರಿಗಳಿಗೆ ಮೆತ್ತಿದರೆ ಹಕ್ಕಿ ಬಿಡಿಸಿಕೊಳ್ಳಲಾರದು.

ನೆರಳಿರುವ, ಹತ್ತಿರದಲ್ಲಿ ಕೂರಲು ಕೊಂಬೆಯಿರುವ ಜಾಗ ಉತ್ತಮ. ಕಿಟಕಿಯ ಗಾಜಿಗೆ ಹಕ್ಕಿಗಳು ಡಿಕ್ಕಿ ಹೊಡೆದು ಸಾಯುವುದುಂಟು. ಫೀಡರನ್ನು ಗಾಜಿಗೆ ಒಂದು ಮೀಟರಿಗಿಂತ ಹತ್ತಿರದಲ್ಲಿ ಅಥವಾ ಸಾಕಷ್ಟು ದೂರದಲ್ಲಿ ಇಡುವುದರಿಂದ ಅಪಾಯ ತಗ್ಗುತ್ತದೆ. ಬೆಕ್ಕು ನೆಗೆಯಲಾಗದ ಎತ್ತರ ಬೇಕು. ದೊಡ್ಡ ಮ್ಯಾಂಟಿಸ್ ಕೀಟಗಳೂ ಫೀಡರ್ ಮೇಲೆ ಹೊಂಚುಹಾಕಿ ಹಕ್ಕಿಯನ್ನು ಹಿಡಿದ ದಾಖಲೆಗಳಿವೆ. ಒಂದು ಗಂಡು ಹಕ್ಕಿ ಫೀಡರನ್ನು ತನ್ನದೆಂದು ಕಾದು ಉಳಿದವನ್ನು ಓಡಿಸುವುದು ಸಾಮಾನ್ಯ. ಒಂದಕ್ಕೊಂದು ಕಾಣದಂತೆ ಎರಡು ಮೂರು ಫೀಡರ್ ಇಟ್ಟರೆ ಎಲ್ಲಕ್ಕೂ ಪಾಲು ಸಿಗುತ್ತದೆ.

ಋತುಮಾನ

ಮಾಣಿಕ್ಯಗೊರಳಿನ ಹಮ್ಮಿಂಗ್‌ಬರ್ಡ್‌ಗಳು ಮಧ್ಯ ಅಮೆರಿಕದಲ್ಲಿ ಚಳಿಗಾಲ ಕಳೆದು, ಮಾರ್ಚ್ ಹೊತ್ತಿಗೆ ಅಮೆರಿಕದ ದಕ್ಷಿಣ ಕರಾವಳಿಗೂ ಮೇ ವೇಳೆಗೆ ಕೆನಡಾಕ್ಕೂ ತಲುಪುತ್ತವೆ. ಹಲವು ಹಕ್ಕಿಗಳು ಮೆಕ್ಸಿಕೊ ಕೊಲ್ಲಿಯ ಸುಮಾರು 800 ಕಿಲೋಮೀಟರ್ ನೀರನ್ನು ಎಲ್ಲೂ ಇಳಿಯದೆ ದಾಟುತ್ತವೆ. ಹೊರಡುವ ಮುನ್ನ ಕೊಬ್ಬು ತುಂಬಿಕೊಂಡು ತೂಕವನ್ನು ಇಮ್ಮಡಿಯಷ್ಟು ಮಾಡಿಕೊಳ್ಳುತ್ತವೆ. ಶರತ್ಕಾಲದಲ್ಲಿ ಫೀಡರ್ ತೆಗೆಯದಿದ್ದರೆ ಹಕ್ಕಿ ವಲಸೆ ಮರೆತು ಚಳಿಗೆ ಸಿಕ್ಕೀತೆಂಬ ಭಯಕ್ಕೆ ಆಧಾರವಿಲ್ಲ. ಹೊರಡುವ ಸೂಚನೆ ಕೊಡುವುದು ಕುಗ್ಗುತ್ತಿರುವ ಹಗಲು. ಕೊನೆಯ ಹಕ್ಕಿ ಕಂಡ ಮೇಲೂ ಎರಡು ವಾರ ಫೀಡರ್ ಇಟ್ಟರೆ ತಡವಾಗಿ ಹೊರಟವಕ್ಕೆ ದಾರಿಬುತ್ತಿ ಸಿಗುತ್ತದೆ.

ಪಶ್ಚಿಮ ಕರಾವಳಿಯ ಆನಾ ಹಮ್ಮಿಂಗ್‌ಬರ್ಡ್ ವರ್ಷವಿಡೀ ಅಲ್ಲೇ ಇರುತ್ತದೆ. ಸಿಯಾಟಲ್, ವ್ಯಾಂಕೂವರ್‌ಗಳಂಥ ಊರುಗಳಲ್ಲಿ ಚಳಿಗಾಲದ ಮುಂಜಾನೆ ಫೀಡರ್ ಹೆಪ್ಪುಗಟ್ಟುವುದುಂಟು. 1:4 ದ್ರಾವಣ ಸೊನ್ನೆ ಡಿಗ್ರಿಗಿಂತ ಸ್ವಲ್ಪವೇ ಕೆಳಗೆ ಗಡ್ಡೆಕಟ್ಟತೊಡಗುತ್ತದೆ. ಸಿಹಿ ಹೆಚ್ಚಿಸುವುದು ಇದಕ್ಕೆ ಪರಿಹಾರವಲ್ಲ. ರಾತ್ರಿ ಫೀಡರನ್ನು ಒಳಗಿಟ್ಟು, ಬೆಳಕು ಹರಿಯುವ ಮುನ್ನ ಹೊರಗೆ ತೂಗುಹಾಕುವುದೇ ಸರಿಯಾದ ದಾರಿ.

ಇತಿಹಾಸ

ಹಮ್ಮಿಂಗ್‌ಬರ್ಡ್‌ಗೆ ಸಕ್ಕರೆ ನೀರುಣಿಸುವ ಪ್ರಯತ್ನಗಳನ್ನು ಆರಂಭದಲ್ಲಿ ದಾಖಲಿಸಿದವರಲ್ಲಿ ಮಹಿಳೆಯರು ಮುಂದಿದ್ದರು. ಮ್ಯಾಸಚೂಸೆಟ್ಸ್‌ನ ಕ್ಯಾರೊಲಿನ್ ಸೋಲ್ ಕಾಗದದಲ್ಲಿ ಹೂ ಮಾಡಿ ಬಣ್ಣ ಬಳಿದು, ಅದರೊಳಗೆ ಸಕ್ಕರೆ ನೀರಿನ ಪುಟ್ಟ ಸೀಸೆಯಿಟ್ಟ ಅನುಭವವನ್ನು 1900ರಲ್ಲಿ ಬರ್ಡ್-ಲೋರ್ ಪತ್ರಿಕೆಯಲ್ಲಿ ಬರೆದರು. ಅಯೋವಾದ ನ್ಯಾಷನಲ್ ಎಂಬ ಹಳ್ಳಿಯ ಆಲ್ತಿಯಾ ಶರ್ಮನ್ 1907ರಿಂದ ಏಳು ಬೇಸಿಗೆಗಳ ಕಾಲ ತೋಟದಲ್ಲಿ ಸೀಸೆಗಳನ್ನಿಟ್ಟು ಪರೀಕ್ಷಿಸಿ, ಫಲಿತಾಂಶವನ್ನು 1913ರ ವಿಲ್ಸನ್ ಬುಲೆಟಿನ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೂವಿನ ಅಲಂಕಾರವಿಲ್ಲದ ಸೀಸೆಗೂ ಹಕ್ಕಿಗಳು ಬರುತ್ತವೆಂಬುದು ಅವರ ಗಮನಕ್ಕೆ ಬಂದಿತ್ತು.

ಬಾಸ್ಟನ್ನಿನ ಲಾರೆನ್ಸ್ ವೆಬ್‌ಸ್ಟರ್ ತಮ್ಮ ಪತ್ನಿಗಾಗಿ ರೂಪಿಸಿದ ಗಾಜಿನ ಫೀಡರ್ 1950ರಲ್ಲಿ ಮಾರುಕಟ್ಟೆಗೆ ಬಂತು. ಎಂಐಟಿ ತಂತ್ರಜ್ಞಾನ ಸಂಸ್ಥೆಯ ಹೆರಾಲ್ಡ್ ಎಡ್ಜರ್ಟನ್ ಕ್ಷಣಮಾತ್ರದ ಮಿಂಚುಬೆಳಕಿನಲ್ಲಿ ತೆಗೆದ ಹಮ್ಮಿಂಗ್‌ಬರ್ಡ್ ಚಿತ್ರಗಳು 1947ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಅಚ್ಚಾಗಿ, ಕಣ್ಣಿಗೆ ಮಸುಕಾಗಿಯೇ ಉಳಿದಿದ್ದ ರೆಕ್ಕೆಗಳನ್ನು ಜನ ಸ್ಪಷ್ಟವಾಗಿ ಕಂಡರು. ಬ್ರೆಜಿಲ್‌ನಲ್ಲಿ ಈ ಹಕ್ಕಿಗಳ ಅಧ್ಯಯನಕ್ಕೆ ಜೀವ ತೇದವರು ಆಗುಸ್ತೊ ರುಸ್ಕಿ. 1949ರಲ್ಲಿ ಅವರು ತಮ್ಮೂರು ಸಾಂತಾ ತೆರೆಸಾದಲ್ಲಿ ಜೀವಶಾಸ್ತ್ರ ಸಂಗ್ರಹಾಲಯವನ್ನು ಸ್ಥಾಪಿಸಿದರು.

ಅರಿಜೋನಾದ ಪ್ಯಾಟಗೋನಿಯಾ ಎಂಬ ಪುಟ್ಟ ಊರಿನ ವಾಲಿ ಮತ್ತು ಮೇರಿಯನ್ ಪೇಟನ್ ದಂಪತಿ 1970ರ ದಶಕದಲ್ಲಿ ತಮ್ಮ ಹಿತ್ತಲಿನ ಫೀಡರ್‌ಗಳನ್ನು ನೋಡಲು ಅಪರಿಚಿತರಿಗೂ ಗೇಟು ತೆರೆದಿಟ್ಟರು. ಬಂದವರು ಸಕ್ಕರೆಯ ಖರ್ಚಿಗೆಂದು ಡಬ್ಬಿಗೆ ಚಿಲ್ಲರೆ ಹಾಕುತ್ತಿದ್ದರು. ಆ ಹಿತ್ತಲು 2014ರಲ್ಲಿ ಟ್ಯೂಸಾನ್ ಆಡುಬಾನ್ ಸಂಸ್ಥೆಯ ಹಮ್ಮಿಂಗ್‌ಬರ್ಡ್ ಕೇಂದ್ರವಾಯಿತು.

ಪರಿಸರದ ಮೇಲಿನ ಪರಿಣಾಮ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆನಾ ಹಮ್ಮಿಂಗ್‌ಬರ್ಡ್ ಮುಖ್ಯವಾಗಿ ಕ್ಯಾಲಿಫೋರ್ನಿಯಾದ ಹಕ್ಕಿಯಾಗಿತ್ತು. ನೀಲಗಿರಿ ಮರದಂಥ ಪರದೇಶದ ಹೂಗಿಡಗಳು, ಫೀಡರ್‌ಗಳು ಹೆಚ್ಚಿದಂತೆ ಅದು ಉತ್ತರಕ್ಕೆ ಹರಡಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲೂ ನೆಲೆಸಿತು. ಚಳಿಗಾಲದ ಈ ವಿಸ್ತರಣೆಗೂ ನಗರೀಕರಣ ಮತ್ತು ಫೀಡರ್‌ಗಳಿಗೂ ನಂಟಿದೆಯೆಂದು ನಾಗರಿಕರು ಕಲೆಹಾಕಿದ ಮಾಹಿತಿಯನ್ನು ಆಧರಿಸಿದ 2017ರ ಅಧ್ಯಯನ ಹೇಳಿತು. ಫೀಡರ್‌ಗಳು ದಟ್ಟವಾಗಿರುವ ಕಡೆ ಈ ಹಕ್ಕಿಯ ಕೊಕ್ಕು ಕೆಲವೇ ದಶಕಗಳಲ್ಲಿ ಉದ್ದವೂ ಮೊನಚೂ ಆಗಿದೆಯೆಂದು 2025ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅಡುಗೆಮನೆಯ ಸಕ್ಕರೆ ಒಂದು ಕಾಡುಜೀವಿಯ ಮೈಕಟ್ಟನ್ನೇ ಬದಲಿಸಬಲ್ಲದೆಂದರೆ ಫೀಡರ್ ತೂಗುಹಾಕುವವರ ಹೊಣೆ ಸಣ್ಣದಲ್ಲ.

ಫೀಡರ್ ಹತ್ತಿರವಿದ್ದಾಗ ಹಕ್ಕಿಗಳು ಸುತ್ತಲ ಹೂಗಳಿಗೆ ಹೋಗುವುದು ಕಡಿಮೆಯಾಗಿ ಕೆಲವು ಗಿಡಗಳ ಪರಾಗಸ್ಪರ್ಶಕ್ಕೆ ಅಡ್ಡಿಯಾಗಬಹುದು. ದಕ್ಷಿಣ ಅರಿಜೋನಾದಲ್ಲಿ ರಾತ್ರಿ ಮಕರಂದ ಕುಡಿಯುವ ಬಾವಲಿಗಳು ಬಂದು ಫೀಡರನ್ನು ಬರಿದುಮಾಡುತ್ತವೆ. ಆದ್ದರಿಂದ ಫೀಡರ್ ಜೊತೆಗೆ ಆಯಾ ನಾಡಿನ ಹೂಗಿಡಗಳನ್ನೂ ಬೆಳೆಸಬೇಕೆಂಬುದು ಪಕ್ಷಿತಜ್ಞರ ಸಲಹೆ. ಉತ್ತರ ಅಮೆರಿಕದಲ್ಲಿ ಕಹಳೆಬಳ್ಳಿ, ಹವಳಬಣ್ಣದ ಹನಿಸಕಲ್, ಕಾರ್ಡಿನಲ್ ಹೂ, ಬೀ ಬಾಮ್, ಸಾಲ್ವಿಯಾಗಳು ಇದಕ್ಕೆ ಹೆಸರಾಗಿವೆ. ಕೀಟನಾಶಕ ಸಿಂಪಡಿಸದ ತೋಟದಲ್ಲಿ ಹಕ್ಕಿಗೆ ಮಕರಂದದೊಡನೆ ಹುಳುಹುಪ್ಪಟೆಗಳೂ ಸಿಗುತ್ತವೆ. ಅಮೆರಿಕದಲ್ಲಿ ಹಮ್ಮಿಂಗ್‌ಬರ್ಡ್‌ಗಳಿಗೆ 1918ರ ವಲಸೆ ಹಕ್ಕಿ ಒಪ್ಪಂದ ಕಾಯಿದೆಯ ರಕ್ಷಣೆಯಿದೆ. ಪರವಾನಗಿಯಿಲ್ಲದೆ ಹಿಡಿಯುವುದು, ಸಾಕುವುದು ಅಪರಾಧ.

ಭಾರತದ ಸೂರಕ್ಕಿಗಳು

ಭಾರತದಲ್ಲಿ ಹಮ್ಮಿಂಗ್‌ಬರ್ಡ್‌ಗಳಿಲ್ಲ. ಕರ್ನಾಟಕದ ತೋಟಗಳಲ್ಲಿ ದಾಸವಾಳ, ಹಾಲುವಾಣ, ಬಂದಳಿಕೆಯ ಹೂಗಳಿಗೆ ಬರುವ ಮಿರುಗು ಬಣ್ಣದ ಪುಟ್ಟ ಹಕ್ಕಿಗಳು ಸೂರಕ್ಕಿಗಳು. ನೋಟದಲ್ಲಿ ಹೋಲಿಕೆಯಿದ್ದರೂ ಇವೆರಡಕ್ಕೂ ಹತ್ತಿರದ ನಂಟಿಲ್ಲ. ಹಮ್ಮಿಂಗ್‌ಬರ್ಡ್‌ಗೆ ಬಾನಾಡಿಗಳು (ಸ್ವಿಫ್ಟ್) ಸಮೀಪದ ಬಂಧುಗಳಾದರೆ, ಸೂರಕ್ಕಿ ಗುಬ್ಬಚ್ಚಿಯ ಗಣದ್ದು. ಒಂದೇ ಬಗೆಯ ಆಹಾರ ದೂರದೂರದ ಎರಡು ಕುಲಗಳಿಗೆ ಒಂದೇ ತೆರನ ಕೊಕ್ಕು ಕೊಟ್ಟಿತು. ಸೂರಕ್ಕಿ ಆಗಾಗ ರೆಕ್ಕೆ ಬಡಿಯುತ್ತ ನಿಲ್ಲಬಲ್ಲದಾದರೂ ಹೆಚ್ಚಾಗಿ ಟೊಂಗೆಯ ಮೇಲೆ ಕೂತೇ ಹೀರುತ್ತದೆ. ಕರ್ನಾಟಕದಲ್ಲಿ ವರ್ಷವಿಡೀ ಒಂದಲ್ಲ ಒಂದು ಗಿಡ ಹೂಬಿಡುತ್ತಿರುತ್ತದೆ. ಇಲ್ಲಿ ಸಕ್ಕರೆ ನೀರಿಗಿಂತ ಅಂಗಳದಲ್ಲೊಂದು ದಾಸವಾಳದ ಗಿಡ ನೆಡುವುದೇ ಸೂರಕ್ಕಿಗೆ ಮಾಡುವ ನಿಜವಾದ ಉಪಕಾರ.

ಅಮೆರಿಕದಲ್ಲಿ ಫೀಡರ್ ತೂಗುಹಾಕಲು ಬಯಸುವವರಿಗೆ ಹೇಳಬೇಕಾದ ಮಾತೂ ಒಂದೇ. ಬಿಳಿ ಸಕ್ಕರೆ ಒಂದು ಪಾಲು, ನೀರು ನಾಲ್ಕು ಪಾಲು; ಬೇರೇನನ್ನೂ ಬೆರೆಸಬಾರದು. ತೊಳೆಯಲು ಬಿಡುವಿದ್ದರೆ ಮಾತ್ರ ಫೀಡರ್ ತೂಗುಹಾಕಬೇಕು, ಬಿಡುವಿಲ್ಲದವರು ಒಂದು ಹೂಬಳ್ಳಿಯನ್ನು ಹಬ್ಬಿಸಬೇಕು.